ನಾಲೆಯ ಬಾಯಲ್ಲಿ ಸಾಯದ ಮೀನು ಎಂಟು ಕಿಲೋಮೀಟರ್ ಕೆಳಗೆ ಸತ್ತಿದ್ದೇಕೆ?

ಓದುಗರ ಪ್ರಶ್ನೆ: "ಸರ್, ನಮ್ಮದು ಹೊಳೆ ದಂಡೆಯ ಊರು. ಎಂಟು ಕಿಲೋಮೀಟರ್ ಮೇಲೆ ಕಾಗದದ ಕಾರ್ಖಾನೆ ಇದೆ. ಈ ಮೇ ತಿಂಗಳಲ್ಲಿ ಕೃತ್ತಿಕಾ ಮಳೆ ಒಂದು ಸಂಜೆ ಜೋರಾಗಿ ಹೊಡೆಯಿತು. ಎರಡನೇ ದಿನ ಬೆಳಗಿನ ಜಾವ ನಮ್ಮ ಮಡುವಿನಲ್ಲಿ ಮೀನೆಲ್ಲ ಬಾಯಿ ಮೇಲೆ ಮಾಡಿ ಒದ್ದಾಡಿ, ಬಿಸಿಲೇರುವಷ್ಟರಲ್ಲಿ ಸತ್ತು ತೇಲಿದವು. ದೊಡ್ಡ ಕಾಟ್ಲಾ, ರೋಹು, ಬಾಳೆ ಮೀನು ಮೊದಲು ಹೋದವು. ಕೊರವ, ಚೇಳುಮೀನು ಸಾಯಲಿಲ್ಲ. ಕಾರ್ಖಾನೆಯವರು 'ನಮ್ಮ ನೀರು ಹೊಳೆ ಸೇರುವ ನಾಲೆ ಬಾಯಲ್ಲಿ ಒಂದು ಮೀನೂ ಸತ್ತಿಲ್ಲ, ಬಂದು ನೋಡಿ' ಅಂದರು. ಹೋಗಿ ನೋಡಿದೆವು, ಅವರು ಹೇಳಿದ್ದು ನಿಜ. ಅಧಿಕಾರಿಗಳು ಮಧ್ಯಾಹ್ನ ಮೂರಕ್ಕೆ ಬಂದು ನೀರು ತುಂಬಿಕೊಂಡು ಹೋದರು. ಆಮ್ಲಜನಕ 6.1, ಎಲ್ಲ ಸರಿಯಿದೆ ಎಂದು ವರದಿ ಬಂತು. ಊರಲ್ಲಿ ಒಬ್ಬರು ನೊರೆಯೇ ವಿಷ ಅನ್ನುತ್ತಾರೆ, ಇನ್ನೊಬ್ಬರು ಚಹಾದಂಥ ಬಣ್ಣವೇ ವಿಷ ಅನ್ನುತ್ತಾರೆ. ಸತ್ತ ಮೀನನ್ನು ಕೆಲವರು ಸಾರು ಮಾಡಿ ತಿಂದೂ ಬಿಟ್ಟರು. ನಮ್ಮ ಮೀನುಗಾರರ ಸಂಘ ಹರಾಜಿನ ದುಡ್ಡು ಕಟ್ಟಿ, ಮರಿ ಬಿಟ್ಟು ಕೂತಿದೆ. ಕೇಸು ಹಾಕಬೇಕೆ? ಹಾಕಿ ಕಾರ್ಖಾನೆ ಮುಚ್ಚಿದರೆ ನಮ್ಮೂರ ಹುಡುಗರೇ ಕೆಲಸ ಕಳೆದುಕೊಳ್ಳುತ್ತಾರೆ. ಏನು ಮಾಡಬೇಕು ತಿಳಿಸಿ."

ಉತ್ತರ:

ನೀವು ಇಷ್ಟು ಕಣ್ಣಿಟ್ಟು ನೋಡಿ ಬರೆದಿದ್ದರಿಂದ ನನ್ನ ಅರ್ಧ ಕೆಲಸ ಮುಗಿದಿದೆ. ಬೆಳಗಿನ ಜಾವ ಸತ್ತವು, ದೊಡ್ಡವು ಮೊದಲು ಸತ್ತವು, ಬಾಯಿ ಮೇಲೆ ಮಾಡಿದ್ದವು, ಕೊರವ ಮತ್ತು ಚೇಳುಮೀನು ಉಳಿದವು. ಈ ನಾಲ್ಕು ಮಾತು ಒಟ್ಟಿಗೆ ಬಂದರೆ ನನ್ನ ಮಟ್ಟಿಗೆ ಅನುಮಾನಕ್ಕೆ ಹೆಚ್ಚು ಜಾಗ ಇಲ್ಲ: ನಿಮ್ಮ ಮೀನು ಉಸಿರುಗಟ್ಟಿ ಸತ್ತಿವೆ. ಯಾರಾದರೂ ಕೀಟನಾಶಕವನ್ನೋ ಬ್ಲೀಚಿಂಗ್ ಪೌಡರನ್ನೋ ಸುರಿದಿದ್ದರೆ ಹೊತ್ತುಗೊತ್ತು ಇಲ್ಲದೆ, ಸಣ್ಣದು ದೊಡ್ಡದು ಎನ್ನದೆ ಹೋಗುತ್ತಿದ್ದವು, ಕೊರವವೂ ಉಳಿಯುತ್ತಿರಲಿಲ್ಲ. ಸಿಡಿಮದ್ದು ಹಾಕಿದ್ದರೆ ಹೊಟ್ಟೆಯೊಳಗಿನ ಗಾಳಿಚೀಲ ಒಡೆದಿರುತ್ತಿತ್ತು. ಕೊರವ, ಚೇಳುಮೀನು, ಮುರುಗೋಡು ನೀರಿನ ಮೇಲೆ ಬಂದು ಗಾಳಿಯನ್ನೇ ಕುಡಿಯಬಲ್ಲವು, ಅದಕ್ಕೇ ಬದುಕಿದವು. "ಮೀನು ಇನ್ನೂ ಸಿಗುತ್ತಿದೆಯಲ್ಲ, ಹೊಳೆ ಚೆನ್ನಾಗಿಯೇ ಇದೆ" ಎಂದು ಯಾರಾದರೂ ಕೊರವ ತೋರಿಸಿ ಹೇಳಿದರೆ ನಂಬಬೇಡಿ. ಬರೀ ಕೊರವ ಸಿಗುವ ಹೊಳೆ ಸುಖವಾಗಿಲ್ಲ.

ಉಸಿರು ಎಲ್ಲಿ ಹೋಯಿತು ಎನ್ನುವುದಕ್ಕೆ ಕಾರ್ಖಾನೆಯೊಳಗೆ ಏನಾಗುತ್ತದೆ ಎಂದು ತುಸು ನೋಡಬೇಕು. ನೀಲಗಿರಿ, ಸುಬಾಬುಲ್, ಸರ್ವೆ, ಬಿದಿರು, ಯಾವುದೇ ಇರಲಿ, ಚೂರು ಮಾಡಿ ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್ ಹಾಕಿ ದೊಡ್ಡ ಕುಕ್ಕರಿನಲ್ಲಿ ಬೇಯಿಸುತ್ತಾರೆ. ಒಂದು ಟನ್ ಒಣ ಮರದಿಂದ ಹೆಚ್ಚುಕಡಿಮೆ ಅರ್ಧ ಟನ್ ತಿರುಳು ಸಿಗುತ್ತದೆ. ಉಳಿದರ್ಧ, ಅಂದರೆ ನಾರನ್ನು ಅಂಟಿನಂತೆ ಹಿಡಿದಿಟ್ಟಿದ್ದ ಲಿಗ್ನಿನ್ ಮತ್ತು ಮರದ ಸಕ್ಕರೆಗಳು, ಡಾಂಬರಿನಂಥ ಕಪ್ಪು ದ್ರಾವಣವಾಗುತ್ತದೆ. ದೊಡ್ಡ ಕಾರ್ಖಾನೆಗಳು ಇದನ್ನು ಗಟ್ಟಿ ಮಾಡಿ ಬಾಯ್ಲರಿನಲ್ಲಿ ಸುಟ್ಟು, ಹಬೆಯನ್ನೂ ಪಡೆದು ಸೋಡಾವನ್ನೂ ವಾಪಸ್ ತೆಗೆಯುತ್ತವೆ. ಹಾಗೆ ಸುಡುವ ವ್ಯವಸ್ಥೆ ಇಲ್ಲದ ಸಣ್ಣ ಕಾರ್ಖಾನೆಗಳು ದೇಶದ ಎಷ್ಟೋ ಹೊಳೆಗಳಿಗೆ ಈ ಕಪ್ಪು ನೀರನ್ನೇ ಬಿಟ್ಟು ಹಾಳು ಮಾಡಿದವು. ದೊಡ್ಡವರಲ್ಲೂ ತಿರುಳು ತೊಳೆಯುವಾಗ, ಬಿಳುಪು ಮಾಡುವಾಗ ಒಂದಷ್ಟು ಜಾರಿ ಹೋಗುತ್ತದೆ. ಶುದ್ಧೀಕರಣ ಘಟಕಕ್ಕೆ ಬರುವುದು ಅದು.

ಆ ಘಟಕದಲ್ಲಿ ಕೆಲಸ ಮಾಡುವವು ಬ್ಯಾಕ್ಟೀರಿಯಾ. ಮರದ ಸಕ್ಕರೆಯನ್ನು ತಿಂದು ಮುಗಿಸುವುದು ಅವುಗಳ ಪಾಲಿನ ಕೆಲಸ. ಕಾಗದದ ನೀರಿನಲ್ಲಿ ಸಾರಜನಕ, ರಂಜಕ ಕಡಿಮೆ ಇರುವುದರಿಂದ ಅವಕ್ಕೆ ಯೂರಿಯಾ, ಡಿಎಪಿ ಹಾಕಿ ಸಾಕಬೇಕಾಗುತ್ತದೆ, ನೀವು ಗದ್ದೆಗೆ ಹಾಕುವ ಅದೇ ಗೊಬ್ಬರ. ದೊಡ್ಡ ಫ್ಯಾನುಗಳಂಥ ಏರೇಟರುಗಳು ಹಗಲು ರಾತ್ರಿ ಗಾಳಿ ಕೊಡಬೇಕು. ಕರೆಂಟು ಉಳಿಸಲು ರಾತ್ರಿ ಅರ್ಧ ಏರೇಟರು ನಿಲ್ಲಿಸಿದ್ದನ್ನು ನಾನು ನನ್ನ ಕೆಲಸದ ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ. ತೊಟ್ಟಿಯ ಮೂಲೆಯಲ್ಲಿ ಕಪ್ಪು ಕೆಸರು ಗುಳುಗುಳು ಎಂದು ಗುಳ್ಳೆ ಬಿಡುತ್ತಿದ್ದರೆ ಅಲ್ಲಿಗೆ ಗಾಳಿ ಹೋಗಿ ಬಹಳ ಹೊತ್ತಾಗಿದೆ ಎಂದರ್ಥ. ಅಲ್ಲಿ ತಿಂದು ಮುಗಿಸದ ಊಟ ಹೊಳೆಗೆ ಬರುತ್ತದೆ, ಹೊಳೆಯ ಬ್ಯಾಕ್ಟೀರಿಯಾ ಅದನ್ನು ತಿನ್ನುತ್ತವೆ, ತಿನ್ನುವಾಗ ನೀರಿನೊಳಗಿನ ಆಮ್ಲಜನಕವನ್ನು ಖರ್ಚು ಮಾಡುತ್ತವೆ. ಬಿಒಡಿ ಎಂದು ವರದಿಗಳಲ್ಲಿ ಓದುತ್ತೀರಲ್ಲ, ಈ ಊಟಕ್ಕೆ ಎಷ್ಟು ಆಮ್ಲಜನಕ ಬೇಕಾಗುತ್ತದೆ ಎಂಬ ಲೆಕ್ಕ ಅದು. ನಮ್ಮಲ್ಲಿ 27 ಡಿಗ್ರಿಯಲ್ಲಿ ಮೂರು ದಿನ ಇಟ್ಟು ಅಳೆಯುತ್ತಾರೆ.

ಈಗ ನಿಮ್ಮನ್ನು ಕಾಡಿದ ಒಗಟು. ಊಟ ಸುರಿದ ಕೂಡಲೇ ಉಸಿರು ಖಾಲಿಯಾಗುವುದಿಲ್ಲ, ತಿನ್ನಲು ಹೊತ್ತು ಬೇಕು. ಮೇ ತಿಂಗಳ ಬಡಕಲು ಹೊಳೆ ಗಂಟೆಗೆ ಅರ್ಧ ಕಿಲೋಮೀಟರ್ ಹರಿದರೆ ಹೆಚ್ಚು. ಮಧ್ಯಾಹ್ನ ಒಂದಕ್ಕೆ ನಾಲೆಯ ಬಾಯಿ ಬಿಟ್ಟ ನೀರು ನಿಮ್ಮ ಮಡು ಮುಟ್ಟುವಾಗ ಬೆಳಗಿನ ಜಾವ ಐದು ಗಂಟೆ. ದಾರಿಯುದ್ದಕ್ಕೂ ಬ್ಯಾಕ್ಟೀರಿಯಾ ತಿನ್ನುತ್ತಲೇ ಬಂದಿರುತ್ತವೆ. ಜೊತೆಗೆ ಪಾಚಿಯ ವಿಷಯ ಇದೆ. ಅದು ಹಗಲು ಬಿಸಿಲಿನಲ್ಲಿ ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೂ ಉಸಿರಾಡಿ ತೆಗೆದುಕೊಳ್ಳುತ್ತದೆ. ಹಾಗಾಗಿ ಯಾವ ಹೊಳೆಯಲ್ಲೂ ಸೂರ್ಯ ಹುಟ್ಟುವ ಮುಂಚಿನ ಗಳಿಗೆಯೇ ಅತಿ ಬಡತನದ್ದು. ಎರಡು ಬಡತನ ನಿಮ್ಮ ಮಡುವಿನಲ್ಲಿ ಒಂದೇ ಹೊತ್ತಿಗೆ ಕೂಡಿದವು. ಕೊಳಕು ಸೇರುವ ಜಾಗದಲ್ಲಿ ಆಮ್ಲಜನಕ ಉಳಿದಿದ್ದು, ಕೆಳಗೆ ಹೋದಂತೆ ಕುಸಿದು, ಮತ್ತೆ ಮೇಲೇಳುವ ಈ ತೂಗುಗೆರೆಯನ್ನು ಅಮೆರಿಕದ ಓಹಿಯೋ ನದಿಯ ಮೇಲೆ ಕೆಲಸ ಮಾಡಿದ ಸ್ಟ್ರೀಟರ್ ಮತ್ತು ಫೆಲ್ಪ್ಸ್ 1925ರಲ್ಲೇ ಲೆಕ್ಕಕ್ಕೆ ಇಳಿಸಿದ್ದರು. ನಾಲೆಯ ಬಾಯಲ್ಲಿ ಮೀನು ಸತ್ತಿಲ್ಲ ಎನ್ನುವುದು ಕಾರ್ಖಾನೆಯವರು ಹೇಳಿದ ನಿಜವೇ ಹೌದು, ಆದರೆ ಅದರಿಂದ ಅವರ ಪರವಾಗಿ ಏನೂ ಸಾಬೀತಾಗುವುದಿಲ್ಲ. ಮಧ್ಯಾಹ್ನ ಮೂರರ 6.1 ಕೂಡ ಸುಳ್ಳಿರಲಾರದು. ಉಪವಾಸ ಮಾಡಿದವನನ್ನು ಊಟ ಆದ ಮೇಲೆ ತೂಗಿದ ಹಾಗೆ ಅದು, ಅಷ್ಟೇ. ಬೇಸಗೆಯ ನೀರಿನಲ್ಲಿ ಭರ್ತಿ ಕರಗಿದರೂ ಆಮ್ಲಜನಕ ಲೀಟರಿಗೆ ಏಳೂವರೆ ಮಿಲಿಗ್ರಾಂ ಆಸುಪಾಸು. ಮೀನುಗಾರಿಕೆಗೆ ಕನಿಷ್ಠ 4 ಇರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣ ಹೇಳುತ್ತದೆ. ಉಸಿರಾಟಕ್ಕೆ ಇರುವ ಇಡೀ ಗಂಟು ಇಷ್ಟೇ.

ಮಳೆಗೂ ಇದಕ್ಕೂ ಏನು ನಂಟು? ಕಾಗದದ ನೀರಿನ ಜೊತೆ ಸಣ್ಣ ನಾರು ಬರುತ್ತದೆ. ಬೇಸಗೆಯಿಡೀ ಅದು ತಳದಲ್ಲಿ ಕಂಬಳಿಯಂತೆ ಕೂತು ಒಳಗೊಳಗೇ ಕೊಳೆಯುತ್ತದೆ. ಮೊದಲ ಹೊಸ ನೀರು ಬಂದಾಗ ಆ ಕಂಬಳಿ ಕದಡುತ್ತದೆ, ಮೇಲಿನ ಊರಿನ ಚರಂಡಿಗಳೂ ತೊಳೆದು ಬರುತ್ತವೆ. ಅಷ್ಟೂ ಸೇರಿ ಒಂದೇ ದಿನ ಆಮ್ಲಜನಕ ಕೇಳುತ್ತವೆ. ಮಳೆಯ ಗದ್ದಲದಲ್ಲಿ ಗೊತ್ತಾಗುವುದಿಲ್ಲ ಎಂದು ತುಂಬಿದ ಹೊಂಡದ ಗೇಟು ಎತ್ತುವವರೂ ಇದ್ದಾರೆ. ನಿಮ್ಮಲ್ಲಿ ಹಾಗಾಯಿತು ಎಂದು ನಾನು ಇಲ್ಲಿ ಕೂತು ಹೇಳಲಾರೆ. ಚರಂಡಿಯ ಪಾಲು ಇರಬಹುದು ಎನ್ನುವುದನ್ನು ಮಾತ್ರ ಮರೆಯಬೇಡಿ. ಕೋರ್ಟಿನಲ್ಲಿ ಎದುರಿನವರು ಮೊದಲು ಎತ್ತುವ ಮಾತು ಅದೇ.

ನೊರೆ ಮತ್ತು ಬಣ್ಣದ ಬಗ್ಗೆ ಕೇಳಿದ್ದೀರಿ. ಮರದೊಳಗಿನ ಕೊಬ್ಬು, ಅಂಟು ಸೋಡಾದ ಜೊತೆ ಸೇರಿದರೆ ಸಾಬೂನೇ ಆಗುತ್ತದೆ, ಅದು ಒಡ್ಡಿನಿಂದ ಬೀಳುವಾಗ ನೊರೆಯೇಳುತ್ತದೆ. ನೊರೆಯ ಎತ್ತರ ನೋಡಿ ವಿಷದ ಪ್ರಮಾಣ ಹೇಳಲಾಗದು. ಚಹಾ ಬಣ್ಣ ಲಿಗ್ನಿನ್‌ನದು. ಲಿಗ್ನಿನ್ ಬ್ಯಾಕ್ಟೀರಿಯಾಗಳಿಗೆ ಅಷ್ಟು ಸುಲಭಕ್ಕೆ ಜೀರ್ಣವಾಗುವುದಿಲ್ಲ, ಆದ್ದರಿಂದ ಬಿಒಡಿ ಪೂರ್ತಿ ಇಳಿದ ನೀರೂ ಕಂದಾಗಿಯೇ ಇರಬಹುದು. ಬಣ್ಣ ಮೀನನ್ನು ನೇರವಾಗಿ ಕೊಲ್ಲುವುದು ಅಪರೂಪ. ಅದು ಮಾಡುವ ಕೇಡು ನಿಧಾನದ್ದು: ಬೆಳಕು ತಳಕ್ಕೆ ಇಳಿಯುವುದಿಲ್ಲ, ಕಲ್ಲಿನ ಮೇಲಿನ ಪಾಚಿ ಬೆಳೆಯುವುದಿಲ್ಲ, ಪಾಚಿ ತಿನ್ನುವ ಹುಳಕ್ಕೆ ಊಟವಿಲ್ಲ, ಹುಳ ತಿನ್ನುವ ಮೀನಿಗೂ ಇಲ್ಲ. ಇದರ ಉಲ್ಟಾ ಮಾತೂ ಅಷ್ಟೇ ನಿಜ. ತಿಳಿಯಾದ ನೀರಿನಲ್ಲೂ ಆಮ್ಲಜನಕ ಸೊನ್ನೆ ಇರಬಹುದು. ಕೊಳೆತ ಎಲೆಕೋಸಿನಂಥ ನಾತ ಗಂಧಕದ ಅನಿಲಗಳದ್ದು. ಮೂಗು ಅವನ್ನು ಅತಿ ಸೂಕ್ಷ್ಮ ಪ್ರಮಾಣದಲ್ಲೇ ಹಿಡಿಯುತ್ತದೆ, ಹಾಗಾಗಿ ನಾತ ಬಂದ ದಿನವೇ ಹೊಳೆ ಸತ್ತಿತು ಎನ್ನಲೂ ಬರುವುದಿಲ್ಲ.

ನನ್ನನ್ನು ಕೇಳಿದರೆ ಸತ್ತ ಮೀನಿಗಿಂತ ಕಲ್ಲು ಹೆಚ್ಚು ಮಾತಾಡುತ್ತದೆ. ಮೊಣಕಾಲು ನೀರಿರುವ ಕಡೆ ಇಳಿದು ಬೊಗಸೆ ಗಾತ್ರದ ಕಲ್ಲೊಂದನ್ನು ಎತ್ತಿ ತಿರುವಿ ನೋಡಿ. ಕಾರ್ಖಾನೆಯ ಮೇಲ್ಭಾಗದಲ್ಲಿ ಎತ್ತಿದ ಕಲ್ಲಿನ ಹೊಟ್ಟೆಗೆ ಚಪ್ಪಟೆ ಮೈಯ, ಮೂರು ಎಳೆ ಬಾಲದ ಮರಿಹುಳಗಳು ಅಂಟಿಕೊಂಡು ಪಕ್ಕಕ್ಕೆ ಸರಸರ ಸರಿಯುತ್ತವೆ. ಮಳೆಗಾಲದ ಸಂಜೆ ದೀಪಕ್ಕೆ ಮುತ್ತಿ ಒಂದೇ ರಾತ್ರಿಗೆ ಉದುರುವ ತೆಳು ರೆಕ್ಕೆಯ ಹುಳಗಳಿವೆಯಲ್ಲ, ಅವುಗಳಲ್ಲಿ ಒಂದು ಜಾತಿಯ ಮಕ್ಕಳು ಇವು. ಆಮ್ಲಜನಕ ಕಡಿಮೆಯಾದರೆ ಮೊದಲು ಜಾಗ ಖಾಲಿ ಮಾಡುವವೂ ಇವೇ. ಕೆಳಭಾಗದ ಕಲ್ಲಿನಲ್ಲಿ ಬೂದುಬಣ್ಣದ, ಒದ್ದೆ ಹತ್ತಿಯಂಥ ಲೋಳೆ ಹರಿವಿನುದ್ದಕ್ಕೆ ಜೋಲುತ್ತಿದ್ದರೆ, ಕೆಸರು ಕೆದಕಿದಾಗ ರಕ್ತದ ಬಣ್ಣದ ಕೆಂಪು ಹುಳು ಮಾತ್ರ ಸಿಕ್ಕರೆ, ಅಲ್ಲಿ ವರ್ಷದ ಬಹುಪಾಲು ಉಸಿರಿಗೆ ಬರ ಎಂದು ತಿಳಿಯಿರಿ. ಆ ಹುಳುವಿನ ಕೆಂಪು ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್‌ನದೇ, ಇದ್ದಬದ್ದ ಆಮ್ಲಜನಕವನ್ನು ಗೋರಿಕೊಳ್ಳಲು. ಮಧ್ಯಾಹ್ನ ಮೂರಕ್ಕೆ ತುಂಬಿದ ಬಾಟಲಿಗೆ ಆ ಒಂದು ಗಳಿಗೆ ಗೊತ್ತು, ಕಲ್ಲಿಗೆ ಹಿಂದಿನ ಮೂರು ತಿಂಗಳು ಗೊತ್ತು.

ಮೀನು ತಿನ್ನುವ ವಿಚಾರ. ತೇಲಿದ ಮೀನನ್ನು ಇನ್ನು ಮುಂದೆ ಯಾರೂ ತಿನ್ನಬಾರದು. ಉಸಿರುಗಟ್ಟಿ ಸತ್ತ ಮೀನಿನಲ್ಲಿ ವಿಷ ಇರಲೇಬೇಕೆಂದಿಲ್ಲ ನಿಜ, ಆದರೆ ಮೇ ತಿಂಗಳ ಬಿಸಿಲಿಗೆ ಅದು ಎರಡೇ ಗಂಟೆಯಲ್ಲಿ ಕೆಡುತ್ತದೆ, ಯಾವುದರಿಂದ ಸತ್ತಿತು ಎಂದು ದಂಡೆಯಲ್ಲಿ ನಿಂತು ತೀರ್ಪು ಕೊಡಲೂ ಆಗದು. ಜೀವಂತ ಹಿಡಿದ ಮೀನು ಬೇಯಿಸಿದಾಗ ಔಷಧಿಯ ವಾಸನೆ ಬರುತ್ತಿದ್ದರೆ ಕ್ಲೋರಿನ್ ಸೇರಿದ ಫಿನಾಲ್‌ಗಳ ಅನುಮಾನ ಪಡಬೇಕು. ತಿರುಳನ್ನು ಕ್ಲೋರಿನ್ ಅನಿಲದಿಂದಲೇ ಬಿಳುಪು ಮಾಡುತ್ತಿದ್ದ ಕಾಲದಲ್ಲಿ ಡಯಾಕ್ಸಿನ್ ಎಂಬ ಬಹಳ ಕೆಟ್ಟ ವಸ್ತುವೂ ಹುಟ್ಟುತ್ತಿತ್ತು. ಅದು ಮೀನಿನ ಕೊಬ್ಬಿನಲ್ಲಿ ಕೂತು ವರ್ಷಗಟ್ಟಲೆ ಇಳಿಯುವುದಿಲ್ಲ. 1980ರ ದಶಕದಲ್ಲಿ ಇದು ಬಯಲಾದ ಮೇಲೆ ಜಗತ್ತಿನ ಹೆಚ್ಚಿನ ದೊಡ್ಡ ಕಾರ್ಖಾನೆಗಳು ಕ್ಲೋರಿನ್ ಡೈಆಕ್ಸೈಡ್‌ಗೆ ಬದಲಾದವು, ಡಯಾಕ್ಸಿನ್ ಬಹುಪಾಲು ನಿಂತಿತು. ನಿಮ್ಮ ಕಾರ್ಖಾನೆ ಯಾವುದನ್ನು ಬಳಸುತ್ತದೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ, ಎಒಎಕ್ಸ್ ಎಂಬ ಅಂಕಿಯನ್ನೂ, ಅಂದರೆ ನೀರಿನಲ್ಲಿ ಕ್ಲೋರಿನ್ ಸೇರಿದ ಸಾವಯವ ವಸ್ತುಗಳು ಒಟ್ಟು ಎಷ್ಟಿವೆ ಎಂಬ ಅಳತೆಯನ್ನೂ, ಕೇಳಿ. 2003ರಲ್ಲಿ ಕೇಂದ್ರ ಮಂಡಳಿ ಉದ್ಯಮಗಳ ಜೊತೆ ಮಾಡಿಕೊಂಡ ಒಡಂಬಡಿಕೆಯಲ್ಲೇ ಇದನ್ನು ಇಳಿಸುವ ಮಾತಿದೆ.

ಸಾಯದೆ ಉಳಿದ ಮೀನು ಹೇಗಿರುತ್ತದೆ ಎಂಬುದನ್ನು ಕೆನಡಾದವರು ತೋರಿಸಿಕೊಟ್ಟರು. ಸುಪೀರಿಯರ್ ಸರೋವರದ ಜ್ಯಾಕ್‌ಫಿಶ್ ಬೇಯಲ್ಲಿ ತಿರುಳು ಕಾರ್ಖಾನೆಯ ನೀರು ಸೇರುವ ಕಡೆ ಮೀನುಗಳು ತಡವಾಗಿ ಪ್ರಾಯಕ್ಕೆ ಬರುತ್ತಿದ್ದವು, ಮೊಟ್ಟೆಯ ಚೀಲ ಸಣ್ಣದಿತ್ತು. 1989ರಲ್ಲಿ ಬ್ಯಾಕ್ಟೀರಿಯಾ ಬಳಸುವ ಎರಡನೇ ಹಂತದ ಶುದ್ಧೀಕರಣ ಬಂದಮೇಲೂ ಆ ತೊಂದರೆ ವರ್ಷಗಟ್ಟಲೆ ಉಳಿಯಿತು. ಕಾಗದ ಕಾರ್ಖಾನೆಯ ನೀರು ಸೇರುತ್ತಿದ್ದ ಫ್ಲಾರಿಡಾದ ತೊರೆಯೊಂದರಲ್ಲಿ ಹೆಣ್ಣು ಗ್ಯಾಂಬೂಸಿಯಾ ಮೀನುಗಳಿಗೆ ಗಂಡಿನಂಥ ಈಜುರೆಕ್ಕೆ ಬೆಳೆದದ್ದು 1980ರಲ್ಲಿ ವರದಿಯಾಯಿತು. ನಮ್ಮಲ್ಲಿ ಸೊಳ್ಳೆಮರಿ ತಿನ್ನಲೆಂದು ಬಾವಿಗೆ, ಕಟ್ಟೆಗೆ ಬಿಡುವ ಅದೇ ಪುಟ್ಟ ಮೀನು. ಆದರೆ ಅಲ್ಲಿಯದನ್ನು ಇಲ್ಲಿಗೆ ಇಡಿಯಾಗಿ ತಂದು ಅಂಟಿಸಲು ನನಗೆ ಮನಸ್ಸಿಲ್ಲ. ಅಲ್ಲಿನ ಪೈನ್ ಮರದಲ್ಲಿ ಮೀನಿಗೆ ವಿಷವಾಗುವ ರಾಳದ ಆಮ್ಲ ಹೆಚ್ಚು, ನಮ್ಮ ನೀಲಗಿರಿಯಲ್ಲಿ ಅದು ಕಡಿಮೆ. ನಮ್ಮ ತೊಂದರೆ ಹೆಚ್ಚಾಗಿ ಹೊಳೆಯಲ್ಲಿ ನೀರೇ ಇಲ್ಲದ್ದರಿಂದ ಬರುವಂಥದ್ದು.

ಇದು ನಾನು ಹೇಳಬೇಕೆಂದಿರುವ ಮುಖ್ಯ ಮಾತು, ಸ್ವಲ್ಪ ಲೆಕ್ಕ ಮಾಡೋಣ. ದೊಡ್ಡ ಕಾಗದ ಕಾರ್ಖಾನೆ ಬಿಡುವ ನೀರಿನ ಬಿಒಡಿ ಲೀಟರಿಗೆ 30 ಮಿಲಿಗ್ರಾಂ ದಾಟಬಾರದು ಎಂಬುದು ನಿಯಮ. ಒಂದು ಕಾರ್ಖಾನೆ ನಿಯಮ ಮೀರದೆ ದಿನಕ್ಕೆ ಮೂರು ಕೋಟಿ ಲೀಟರ್ ಬಿಡುತ್ತದೆ ಎನ್ನಿ. 900 ಕಿಲೋ ಬಿಒಡಿ ಆಯಿತು. ಆಗಸ್ಟಿನಲ್ಲಿ ಹೊಳೆಯಲ್ಲಿ 20,000 ಕ್ಯೂಸೆಕ್ ಇದ್ದರೆ ಅದು ಲೆಕ್ಕಕ್ಕೇ ಸಿಗದು. ಮೇ ತಿಂಗಳಲ್ಲಿ ಅಣೆಕಟ್ಟಿನ ಗೇಟು ಮುಚ್ಚಿ 20 ಕ್ಯೂಸೆಕ್ ಉಳಿದರೆ ಹೊಳೆಯ ನೀರೇ ದಿನಕ್ಕೆ ಸುಮಾರು ಐದು ಕೋಟಿ ಲೀಟರ್. ಎರಡೂ ಬೆರೆತ ಮೇಲೆ ಬಿಒಡಿ 11ರ ಹತ್ತಿರ. ಸ್ನಾನಕ್ಕೆ ಯೋಗ್ಯ ಎನ್ನಲು ಅದು 3ರೊಳಗೆ ಇರಬೇಕು. ಅಂದರೆ ಒಂದೇ ಒಂದು ನಿಯಮ ಮುರಿಯದೆಯೂ ಬೇಸಗೆಯ ಹೊಳೆಯ ಉಸಿರು ನಿಲ್ಲಿಸಬಹುದು. "ನಮ್ಮ ವರದಿ ಎಲ್ಲ ಮಿತಿಯೊಳಗಿದೆ" ಎಂಬ ಮಾತಿಗೆ ನೀವು ಕೇಳಬೇಕಾದ ಮರುಪ್ರಶ್ನೆ: "ಅವತ್ತು ಹೊಳೆಯಲ್ಲಿ ಎಷ್ಟು ನೀರಿತ್ತು?"

ಈಗ ಏನು ಮಾಡಬಹುದು. ಮೊದಲು ಪುರಾವೆ. ನಸುಕಿನ ಐದಕ್ಕೆ, ಕಾರ್ಖಾನೆಯ ಮೇಲೆ ಒಂದು ಕಡೆ, ನಾಲೆಯ ಕೆಳಗೆ ಒಂದು ಕಡೆ, ನಿಮ್ಮ ಮಡುವಿನಲ್ಲಿ ಒಂದು ಕಡೆ ಆಮ್ಲಜನಕ ಅಳೆಯಬೇಕು. ಮೇಲಿನ ಜಾಗವನ್ನು ಬಿಟ್ಟರೆ ಚರಂಡಿಯ ಪಾಲು ಬೇರೆ ಮಾಡಲಾಗದು. ಹತ್ತಿರದ ಕಾಲೇಜಿನ ರಸಾಯನಶಾಸ್ತ್ರ ವಿಭಾಗದವರನ್ನು ಕೇಳಿ, 300 ಮಿಲಿಲೀಟರಿನ ಗಾಜಿನ ಬಿಒಡಿ ಬಾಟಲಿ ಅವರಲ್ಲಿ ಇರುತ್ತದೆ. ಗುಳ್ಳೆ ಸೇರದಂತೆ ತುಂಬಿ ಅಲ್ಲೇ ದಂಡೆಯಲ್ಲೇ ಎರಡು ದ್ರಾವಣ ಹಾಕುತ್ತಾರೆ. ಆಮ್ಲಜನಕ ಇದ್ದರೆ ತಳದಲ್ಲಿ ಹುಣಸೆಹಣ್ಣಿನ ಬಣ್ಣದ ಗಸಿ ಇಳಿಯುತ್ತದೆ, ಇಲ್ಲದಿದ್ದರೆ ಹಾಲಿನಂತೆ ಬೆಳ್ಳಗಿರುತ್ತದೆ. ಆ ಬಿಳುಪನ್ನು ಒಮ್ಮೆ ಕಣ್ಣಾರೆ ಕಂಡ ಊರವರಿಗೆ ಮತ್ತೆ ಯಾರೂ ಏನೂ ವಿವರಿಸಬೇಕಾಗಿಲ್ಲ. ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ ಬಸ್ಸಿನಲ್ಲಿ ಲ್ಯಾಬಿಗೆ ಒಯ್ದ ನೀರಿನ ಆಮ್ಲಜನಕದ ಅಂಕಿಗೆ ಕಿಮ್ಮತ್ತಿಲ್ಲ.

ನೀವು ಅಳೆದದ್ದು ಒತ್ತಡ ತರಲು ಸಾಕು. ಕಾನೂನಿನ ಕ್ರಮಕ್ಕೆ ಮಾತ್ರ 1974ರ ಜಲ ಕಾಯಿದೆಯ 21ನೇ ಕಲಮಿನ ಪ್ರಕಾರ ಮಂಡಳಿಯವರೇ ಕಾರ್ಖಾನೆಯವರ ಎದುರು ತೆಗೆದು, ಎರಡು ಪಾಲು ಮಾಡಿ ಸೀಲು ಹಾಕಿದ ಸ್ಯಾಂಪಲ್ ಬೇಕು. ಅದಕ್ಕೇ ದೂರಿನಲ್ಲಿ "ಬೆಳಗಿನ ಜಾವವೇ ಬನ್ನಿ" ಎಂದು ಬರೆಯಿರಿ, ಸತ್ತ ದಿನದ ಫೋಟೋ, ಹೊತ್ತು, ಮೀನಿನ ಜಾತಿ ಎಲ್ಲ ಸೇರಿಸಿ. ಕಾಗದ ಕಾರ್ಖಾನೆಗಳು ಬಿಡುವ ನೀರಿಗೆ ಆನ್‌ಲೈನ್ ಮಾಪಕ ಇಡಬೇಕೆಂದು ಕೇಂದ್ರ ಮಂಡಳಿ 2014ರಲ್ಲೇ ಸೂಚಿಸಿದೆ. ಆ ವಾರದ ಅಂಕಿಗಳನ್ನು, ಮುಖ್ಯವಾಗಿ ರಾತ್ರಿ ಹೊತ್ತಿನದನ್ನು, ಮಾಹಿತಿ ಹಕ್ಕಿನಲ್ಲಿ ಕೇಳಿ.

ಕೇಸು ಬೇಕೆ ಎಂದಿದ್ದೀರಿ. ಪರಿಹಾರ ಬೇಕಿದ್ದರೆ ಚೆನ್ನೈನಲ್ಲಿರುವ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠದ ದಾರಿ ಇದೆ, ಪರಿಹಾರದ ಅರ್ಜಿಗೆ ಐದು ವರ್ಷದ ಅವಧಿಯೂ ಇದೆ, ಇಂದೇ ಓಡಬೇಕಿಲ್ಲ. ತೊಡಕು ಏನೆಂದರೆ ಓಡಾಟ, ಖರ್ಚು, ಮತ್ತು ಸತ್ತ ಮೀನಿನ ತೂಕಕ್ಕೆ ಪಂಚನಾಮೆ ಇಲ್ಲದಿರುವುದು. ಮೀನುಗಾರಿಕೆ ಇಲಾಖೆಯವರಿಂದ ಈಗಲೂ ಒಂದು ನಷ್ಟದ ವರದಿ ಬರೆಸಿಕೊಳ್ಳಿ. ಹರಿಹರದ ಕೆಳಗೆ ತುಂಗಭದ್ರೆಯಲ್ಲಿ 1980ರ ದಶಕದಲ್ಲಿ ಮೀನು ಸತ್ತು ಜನ ಎದ್ದಾಗಲೂ ಹೋರಾಟ ವರ್ಷಗಟ್ಟಲೆ ನಡೆಯಿತು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಅದನ್ನು ಹಿಡಿದು ನಿಂತಿತ್ತು. ಒಂದು ತಿಂಗಳಲ್ಲಿ ಮುಗಿಯುವ ವಿಷಯ ಎಂದು ಹೇಳಿ ನಿಮ್ಮನ್ನು ಮೋಸ ಮಾಡಲಾರೆ.

ಮುಚ್ಚಿಸುವುದು ನನ್ನ ಸಲಹೆಯಲ್ಲ. ಭದ್ರಾವತಿಯಲ್ಲಿ ಎಂಪಿಎಂ ಕಾಗದ ಕಾರ್ಖಾನೆ ನಿಂತ ಮೇಲೆ ಆ ಊರು ಹೇಗಾಗಿದೆ ಎಂದು ನೋಡಿದವರು ಅಷ್ಟು ಸಲೀಸಾಗಿ ಆ ಮಾತು ಆಡುವುದಿಲ್ಲ. ಇನ್ನೂ ಕೈಗೆಟುಕುವ ಬೇಡಿಕೆ ಇದೆ: ಕಾರ್ಖಾನೆಯ ಅನುಮತಿ ಪತ್ರದಲ್ಲೇ ಬೇಸಗೆಗೆ ಬೇರೆ ಷರತ್ತು ಹಾಕಿಸುವುದು. ಮಾರ್ಚ್‌ನಿಂದ ಜೂನ್‌ವರೆಗೆ ಹೊಳೆಯ ಹರಿವು ನೋಡಿ ಬಿಡುವ ನೀರನ್ನು ಕಡಿಮೆ ಮಾಡಬೇಕು, ಉಳಿದದ್ದನ್ನು ಹೊಂಡದಲ್ಲಿ ಹಿಡಿದಿಟ್ಟು ಒಳಗೇ ಮರುಬಳಕೆ ಮಾಡಬೇಕು. ಹೊಂಡ ಕಟ್ಟಲು ಜಾಗ, ದುಡ್ಡು ಬೇಕು. ಮತ್ತೆ ಮತ್ತೆ ತಿರುಗಿಸಿದ ನೀರಿನಲ್ಲಿ ಉಪ್ಪು ಗಟ್ಟಿಯಾಗಿ ಯಂತ್ರಕ್ಕೂ ತೊಂದರೆ. ಅವರು ಗೊಣಗುತ್ತಾರೆ, ಗೊಣಗಲಿ. ಇನ್ನೊಂದು ದಾರಿ ಅಣೆಕಟ್ಟಿನಿಂದ ಬೇಸಗೆಯಲ್ಲಿ ಒಂದಿಷ್ಟು ನೀರು ಬಿಡಿಸುವುದು. ಅದು ರೈತರ ಪಾಲಿನಿಂದ ಬರಬೇಕು, ಒಮ್ಮೆಲೇ ಬಿಟ್ಟರೆ ತಳದ ನಾರಿನ ಕಂಬಳಿ ಕದಡಿ ಕೃತ್ತಿಕಾ ಮಳೆಯ ಕಥೆಯೇ ಮರುಕಳಿಸುತ್ತದೆ. ಕಾರ್ಖಾನೆಯವರು "ನೀರನ್ನು ನಿಮ್ಮ ಗದ್ದೆಗೇ ಕೊಡುತ್ತೇವೆ" ಎಂದು ಬಂದರೆ ಮಾತ್ರ ಎಚ್ಚರ. ಸೋಡಾ ಬಳಸಿ ಬೇಯಿಸಿದ ನೀರಿನಲ್ಲಿ ಸೋಡಿಯಂ ಇರುತ್ತದೆ, ನಿಮ್ಮದು ಎರೆಭೂಮಿಯಾಗಿದ್ದರೆ ಕೆಲವು ವರ್ಷಗಳಲ್ಲಿ ಮಣ್ಣು ಬಿರುಸಾಗಿ ನೀರು ಇಂಗುವುದೇ ನಿಲ್ಲಬಹುದು. ಮಣ್ಣಿನ ಪರೀಕ್ಷೆ ಮಾಡಿಸದೆ ಒಪ್ಪಬೇಡಿ.

ಸಂಘದ ಮರಿಗಳ ಬಗ್ಗೆ: ಈಗಲೇ ಮತ್ತೆ ದುಡ್ಡು ಹಾಕಬೇಡಿ. ಹೊಳೆ ಎರಡು ಸಲ ತುಂಬಿ ಹರಿದು ತಳ ತೊಳೆದುಕೊಳ್ಳಲಿ, ಆಗಸ್ಟ್ ಕಳೆಯಲಿ. ಬಿಡುವ ಮುನ್ನ ಐವತ್ತು ಮರಿಗಳನ್ನು ಹಾಪಾ ಬಲೆಯಲ್ಲಿ, ಅಂದರೆ ಸಣ್ಣ ಕಣ್ಣಿನ ಬಲೆಯ ಪಂಜರದಲ್ಲಿ, ಹಾಕಿ ಮಡುವಿನಲ್ಲಿ ಒಂದು ರಾತ್ರಿ ಇಳಿಬಿಡಿ. ಬೆಳಗ್ಗೆ ಆರು ಗಂಟೆಗೆ ಬಲೆ ಎತ್ತಿ ಎಣಿಸಿ, ಆಮೇಲೆ ಲಾರಿಗೆ ಹೇಳಿ.